ಕರೆಂಟು ಹೋದಾಗ ತಿರುಗಿಸುವ ಹಿಡಿಕೆ

ಕೋಬೆ, 18-12-1999

ಮಾವ, ನಮಸ್ಕಾರ.

"ಕರೆಂಟು ಹೋದ್ರೆ ನನ್ನ ರಕ್ತ ಆ ಮಿಷನ್ನಲ್ಲೇ ನಿಂತ್ಹೋಗುತ್ತೆ, ನಂಗೆ ಡಯಾಲಿಸಿಸ್ ಬೇಡ" ಎಂದು ನೀವು ಹಟ ಹಿಡಿದಿರುವುದನ್ನು ಅತ್ತೆ ಬರೆದಿದ್ದಾರೆ. ಅದಕ್ಕೇ ಈ ಕಾರ್ಡು.

ಎರಡು ಸಾವಿರನೇ ಇಸವಿ ಬಂದೊಡನೆ ಕಂಪ್ಯೂಟರುಗಳು ಕೈಕೊಟ್ಟು ಕರೆಂಟು ಹೋಗುತ್ತದೆ ಎಂಬ ಭಯ ಇಲ್ಲಿಯೂ ಇದೆ. ನಾನು ತರಬೇತಿಗೆ ಬಂದಿರುವ ಡಯಾಲಿಸಿಸ್ ವಾರ್ಡಿನಲ್ಲಿ ನಿನ್ನೆ ತಾಲೀಮು ನಡೆಯಿತು. ರಕ್ತದ ಪಂಪಿಗೆ ಒಂದು ಪುಟ್ಟ ಹಿಡಿಕೆ ಇದೆ. ಕರೆಂಟು ಹೋದರೆ ಅದನ್ನು ಕೈಯಲ್ಲೇ ತಿರುಗಿಸಿ ರಕ್ತವನ್ನು ರೋಗಿಯ ಮೈಗೆ ಹಿಂದಿರುಗಿಸಬಹುದು. ನಮ್ಮ ರೋಗಿ, ಎಪ್ಪತ್ತಾರು ವರ್ಷದ ಓಗಾತಾ ಸಾನ್ ('ಸಾನ್' ಎಂದರೆ ನಮ್ಮ 'ಅವರು' ಇದ್ದಂತೆ) ಹಿಂದೆ ಟ್ರಾಮ್ ಓಡಿಸುತ್ತಿದ್ದವರು. ತಮ್ಮ ಡಯಾಲಿಸಿಸ್ ಮುಗಿಯುವ ಹೊತ್ತಿಗೆ, "ನನ್ನ ಮೇಲೇ ಕಲಿಯಮ್ಮ" ಎಂದರು. ಯಂತ್ರದ ಕರೆಂಟು ತೆಗೆದೆವು. ಗಾಬರಿಯಲ್ಲಿ ನಾನು ಜೋರಾಗಿ ತಿರುಗಿಸಿದೆ. "ನಿಧಾನ, ಮುಂದೆ ತಿರುವಿದೆ!" ಎಂದರು. ವಾರ್ಡೆಲ್ಲ ನಕ್ಕಿತು. ರಕ್ತದ ಹಿಂದೆಯೇ ಉಪ್ಪುನೀರು ಬಂದು, ಹತ್ತು ನಿಮಿಷದಲ್ಲಿ ಕೊಳವೆಯ ಕೆಂಪು ಕರಗಿ ತಿಳಿಯಾಯಿತು. ಸೂಜಿ ತೆಗೆದು ಪಟ್ಟಿ ಹಾಕಿದ ಮೇಲೆ ಓಗಾತಾ ಸಾನ್ ಎದ್ದು, ಚಪ್ಪಲಿ ಮೆಟ್ಟಿ, ನನಗೆ ತಲೆಬಾಗಿ, ಬಸ್ಸು ಹಿಡಿಯಲು ಹೋದರು.

ಚಳಿಗೆ ನನ್ನ ತುಟಿ ಒಡೆದಿದೆ, ಉಳಿದಂತೆ ಆರೋಗ್ಯವಾಗಿದ್ದೇನೆ. ನೀವು ಎಳನೀರು ಮುಟ್ಟಬೇಡಿ, ಕಿಡ್ನಿ ಸೋತಿರುವಾಗ ಅದು ನಿಮಗೆ ಅಪಾಯ. ಡಾಕ್ಟರು ಹೇಳಿದ ದಿನವೇ ಡಯಾಲಿಸಿಸ್ ಶುರುಮಾಡಿ, ನನಗಾಗಿ ಕಾಯಬೇಡಿ. ಮೈಸೂರಿನ ನಮ್ಮ ಆಸ್ಪತ್ರೆಯ ಯಂತ್ರಕ್ಕೂ ಹಿಡಿಕೆ ಇದೆ. ನಿಮ್ಮ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರಲು ಅಲ್ಲಿನ ನರ್ಸ್ ಫಿಲೋಮಿನಾ ಸಿಸ್ಟರಿಗೆ ಬರೆದಿದ್ದೇನೆ. ಫೆಬ್ರವರಿಯಲ್ಲಿ ನಾನು ಊರಿಗೆ ಬಂದ ಮೇಲೆ ಆ ಸ್ಟೂಲು ನನ್ನದು. ಎಷ್ಟು ಸಲ ಬೇಕಾದರೂ ಕರೆಂಟು ಹೋಗಲಿ, ತಿರುಗಿಸುತ್ತೇನೆ, ನಿಧಾನವಾಗಿ.

ಕಾರ್ಡು ತುಂಬಿತು.

ನಿಮ್ಮ ವನಜ