ಹಳದಿ ಹಕ್ಕಿಯ ಮೂಗು

ಮೇಲೂರು,
೨೧-೨-೧೯೯೩, ಭಾನುವಾರ

ಪ್ರೀತಿಯ ರವಣನಿಗೆ,

ನಿನ್ನ ಅತ್ತಿಗೆ ಶ್ಯಾಮಲಳ ಆಶೀರ್ವಾದ. ಮೈ ಹೇಗಿದೆ? ಚಳಿ ಬಂದರೆ ನಿನಗೆ ಹಿಡಿಯುವ ಆ ಕೆಮ್ಮು ಗೌರಿಬಿದನೂರಿಗೂ ಹುಡುಕಿಕೊಂಡು ಬಂತೋ, ಇಲ್ಲ ನಮ್ಮನ್ನು ಬಿಟ್ಟ ಹಾಗೆ ಅದನ್ನೂ ಇಲ್ಲೇ ಬಿಟ್ಟು ಹೋದೆಯೋ? ಸೈಕಲ್ ಶಾಪಿನ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಇಲ್ಲಿ ನಿಮ್ಮಣ್ಣ ಚೆನ್ನಾಗಿದ್ದಾರೆ, ಹೊಟ್ಟೆ ಮಾತ್ರ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಅತ್ತೆಗೆ ಮಂಡಿನೋವು. ನನ್ನ ಮಗಳು ಗೋಡೆ ಹಿಡಿದು ನಡೆಯುತ್ತಾಳೆ, ನೀನು ಅವಳ ಮುಖವನ್ನೇ ನೋಡಿಲ್ಲ. ಅವಳ ನಾಮಕರಣಕ್ಕೆ ಕರೆದು ಬರೆದ ಕಾಗದಕ್ಕೆ ನೀನು ಉತ್ತರವನ್ನೂ ಕೊಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಇವತ್ತು ಅದನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಸುದ್ದಿ ಅಂಥದ್ದು. ನಿನ್ನ ಹಳದಿ ಹಕ್ಕಿ ಗಂಡೇ ಕಣಪ್ಪ. ಮರಿಗಳಾಗಿವೆ.

ನೀನು ಹೋಗುವಾಗ ಉಳಿದ ಹಕ್ಕಿಗಳನ್ನೆಲ್ಲ ಕಂಡಕಂಡವರಿಗೆ ಕೊಟ್ಟು ಹೋದೆ. ನಿನ್ನಿಂದ ಕೊಂಡು ಖಲೀಮುಲ್ಲಾ ಸಾಹೇಬರು ಶಿಡ್ಲಘಟ್ಟದಿಂದ ವಾಪಸ್ ತಂದ ಆ ಹಳದಿ-ಹಸಿರು ಜೋಡಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಎರಡೂ ಹೆಣ್ಣು ಅಂತ ಊರಿಗೆಲ್ಲ ಗೊತ್ತಾಗಿತ್ತಲ್ಲ. ಎರಡು ಹೆಣ್ಣಿಗೆ ಗೂಡು ಯಾಕೆ ಅಂತ ಮಾವ ಪಂಜರದೊಳಗಿನ ಮಡಕೆಯನ್ನು ಅವತ್ತೇ ಬಿಚ್ಚಿಸಿದ್ದರು. ನಾನು ನವಣೆ ಹಾಕುವುದು, ನೀರು ಬದಲಾಯಿಸುವುದು, ಒಂದೆಳೆ ಕೊತ್ತಂಬರಿ ಸೊಪ್ಪು ಸಿಕ್ಕಿಸುವುದು, ಅಷ್ಟೇ ನಡೆದುಕೊಂಡು ಬಂತು. ದೀಪಾವಳಿ ಕಳೆದ ಮೇಲೆ ಚಳಿ ಜಾಸ್ತಿಯಾಯಿತು. ಹಿತ್ತಲಿನಲ್ಲಿ ಬಿದ್ದಿದ್ದ ಅದೇ ಮಡಕೆಯನ್ನು ತೊಳೆದು, ಪಾಪ, ಬೆಚ್ಚಗೆ ಮಲಗಲಿ ಅಂತ ಕಟ್ಟಿದೆ. ಕೆಲವೇ ದಿನಕ್ಕೆ ಹಸಿರು ಹಕ್ಕಿ ಒಳಗೆ ಸೇರಿಕೊಂಡು ಕೂತುಬಿಟ್ಟಿತು. ಹಳದಿಯದು ಹೊರಗೆ ಕೂತು ಅದಕ್ಕೆ ಬಾಯಿಗೆ ಬಾಯಿಟ್ಟು ಉಣಿಸುತ್ತಿತ್ತು. ಮೊಟ್ಟೆ ಇಟ್ಟಿದೆ ಅಂದರೆ ಮಾವ ತಲೆಯೆತ್ತಲಿಲ್ಲ. "ಹುಂಜ ಇಲ್ದಿದ್ರೂ ಕೋಳಿ ಮೊಟ್ಟೆ ಇಡಲ್ವೇನಮ್ಮ? ಅವೆಲ್ಲ ಜೊಳ್ಳು" ಅಂದರು.

ಅವರನ್ನೂ ಪೂರ್ತಿ ದೂರುವ ಹಾಗಿಲ್ಲ ರವಣ. ರೇಷ್ಮೆ ಮೊಟ್ಟೆ ತಯಾರಿಸುವ ಗ್ರೈನೇಜಿನಲ್ಲಿ ಬಿತ್ತನೆ ಗೂಡು ಕೊಯ್ದು, ಒಳಗಿನ ಹುಳದ ಬಾಲದ ಕಡೆ ಕಣ್ಣು ಹಾಯಿಸಿ, ಇದು ಗಂಡು ಇದು ಹೆಣ್ಣು ಅಂತ ಎರಡು ತಟ್ಟೆಗೆ ಹಾಕುತ್ತಾ ಹಾಕುತ್ತಾ ಮುದುಕರಾದವರು. ಮುನಿಗಂಗಪ್ಪ ಹೇಳಿದ ಮೇಲೆ ಮುಗಿಯಿತು ಅಂತ ಅಲ್ಲಿ ಮಾತು. ಕುರಿಮರಿ ಕೊಳ್ಳುವವರೂ ಅವರನ್ನು ಕೇಳುತ್ತಾರೆ, ಬಸುರಿ ಹೆಂಗಸರ ಮನೆಯವರೂ ಕೇಳುತ್ತಾರೆ. ಎಲ್ಲರೂ ಅವರನ್ನು ಕೇಳುವುದೇ ಹೊರತು ಅವರು ಯಾರನ್ನೂ ಕೇಳಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡಿಲ್ಲ.

ಅವತ್ತು ಸಾಹೇಬರು ಬಂದಾಗಲೂ ಅಷ್ಟೇ. ಪಾಪ, ಅವರೇನೂ ಜಗಳಕ್ಕೆ ಬಂದವರಲ್ಲ. ಮಗಳು ಶಹರ್ ಬಾನು ಮಡಕೆ ಕಟ್ಟಿ ಕಾದಿದ್ದಾಳೆ, ಮೊಟ್ಟೆ ಕಾಣೆ, ಯಾರೋ ಇವು ಎರಡೂ ಹೆಣ್ಣು ಅಂದರು, ಒಂದು ಸಲ ನೋಡಿ ಅಂತ ಜಗಲಿಯ ಮೇಲೆ ಪಂಜರ ಇಟ್ಟರು. ಗಂಡಿಗೆ ಕೊಕ್ಕಿನ ಮೇಲಿನ ಮೂಗು ನೀಲಿ, ಹೆಣ್ಣಿಗೆ ಕಂದು ಅಂತ ಲವ್ ಬರ್ಡ್ಸ್ ಸಾಕುವ ಎಲ್ಲರಿಗೂ ಗೊತ್ತು. ಹಳದಿಯದರ ಮೂಗು ನೀಲಿ ಇರಲಿಲ್ಲ. ಮಾವ ಒಂದೇ ನೋಟಕ್ಕೆ ತೀರ್ಪು ಕೊಟ್ಟರು. ನೀನು ಎಷ್ಟು ಬೇಡಿಕೊಂಡೆ: "ಕೆಂಪು ಕಣ್ಣಿನ ಹಳದಿ ಗಂಡಿಗೆ ಮೂಗು ನೀಲಿ ಆಗಲ್ಲಪ್ಪ, ಸಾಯೋವರ್ಗೂ ಮರಿ ಥರ ರೋಜಾ ಬಣ್ಣಾನೇ ಇರುತ್ತೆ. ಇನ್ನೂ ಎಳೇವು, ವರ್ಷ ತುಂಬ್ಲಿ." ಅದಕ್ಕೆ ಅವರು, "ಗೂಡೊಳಗಿರೋ ಹುಳಾನೇ ಗಂಡೋ ಹೆಣ್ಣೋ ಅಂತ ಹೇಳೋನು ನಾನು. ಕಣ್ಣೆದುರಿಗಿರೋ ಹಕ್ಕಿ ನಂಗೊತ್ತಾಗಲ್ವೇನೋ?" ಅಂದರು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಬೀದಿಯವರೆಲ್ಲ ನಿಂತಿರುವಾಗ, "ನನ್ನ ಹೊಟ್ಟೇಲಿ ಹುಟ್ಟಿ ಮೋಸದ ವ್ಯಾಪಾರ ಮಾಡ್ತೀಯ" ಅಂದುಬಿಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ, ನಮ್ಮ ಮನೆಯಲ್ಲಿ ಅದು ಒಂದು ಹಿಡಿ ಹಕ್ಕಿಗೆ ಹೋಯಿತು.

ನನಗೂ ಸಂಕಟವೇ. ಮರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೀನು ಪಾಠ ಹೇಳಿದ್ದು ನನಗಲ್ಲದೆ ಇನ್ಯಾರಿಗೆ? "ಮೂಗೆಲ್ಲ ಒಂದೇ ರೋಜಾ ಬಣ್ಣ ಇದ್ರೆ ಗಂಡು ಅತ್ತಿಗೆ, ತೂತಿನ ಸುತ್ತ ಬಿಳಿ ಉಂಗುರ ಕಂಡ್ರೆ ಹೆಣ್ಣು. ಹಸಿರು ಮರಿ ಹಣೆ ಮೇಲೆ ಗೆರೆ ಇರೋವರ್ಗೂ ಎಳೇದು, ಮೊದಲ್ನೇ ಸಲ ಪುಕ್ಕ ಉದುರಿದಾಗ ಅಳಿಸಿಹೋಗುತ್ತೆ." ಹಣೆಬರಹ ಅಳಿಸಿಹೋಗುವ ಜಾತಿ, ಪುಣ್ಯವಂತ ಪ್ರಾಣಿ ಅಂತ ನಾನು ನಕ್ಕಿದ್ದೆ. ಆದರೆ ಮಾವನ ಮಾತಿನ ಮುಂದೆ ಸೊಸೆಯ ಪಾಠ ಎಲ್ಲಿ ನಿಲ್ಲುತ್ತದೆ ಹೇಳು.

ಮಡಕೆಯಿಂದ ಚಿಂವ್ ಅಂತ ಸದ್ದು ಬಂದ ದಿನ ಮಾವ ರೊಟ್ಟಿ ಬಿಟ್ಟು ಎದ್ದರು. ಮಡಕೆಯನ್ನು ಬಿಚ್ಚಿ, ಮರಿಗಳನ್ನು ಒಂದೊಂದಾಗಿ ಅಂಗೈಗೆ ತಗೊಂಡರು. ಇನ್ನೂ ಒಂದು ಪುಕ್ಕವೂ ಬಂದಿರಲಿಲ್ಲ, ಬರೀ ಮಾಂಸದ ಉಂಡೆ. ಕೆಲವಕ್ಕೆ ರೆಪ್ಪೆಯ ಕೆಳಗೆ ಕಣ್ಣು ಕಪ್ಪು, ಕೆಲವಕ್ಕೆ ಕೆಂಪು. ಆ ಕೆಂಪನ್ನು ಎಲ್ಲಿಂದ ತಂದವು ಅಂತ ಯಾರೂ ಹೇಳಬೇಕಿರಲಿಲ್ಲ. ಮಾವನಿಗೆ ಜೀವ ಅಲ್ಲಾಡಿದರೆ ತೆಲುಗು ಬರುತ್ತದಲ್ಲ, "ವಾಡು ಚೆಪ್ಪಿಂದೇ ನಿಜಂ" ಅಂದರು, ಅವನು ಹೇಳಿದ್ದೇ ನಿಜ ಅಂತ. ಆಮೇಲೆ ನಾನು ಧೈರ್ಯ ಮಾಡಿ ನಿನ್ನ ಇನ್ನೊಂದು ಪಾಠವನ್ನೂ ಒಪ್ಪಿಸಿದೆ. ಅಪ್ಪ ಕೆಂಪು ಕಣ್ಣಿನ ಹಳದಿ, ಅಮ್ಮ ಹಸಿರು ಆದರೆ, ಹಳದಿ ಮರಿಯೆಲ್ಲ ಹೆಣ್ಣು, ಹಸಿರು ಮರಿಯೆಲ್ಲ ಗಂಡು, ಕಣ್ಣು ನೋಡಿ ಗೂಡಿನಲ್ಲೇ ಹೇಳಬಹುದು ಅಂತ. ಅವರು ಮರಿಗಳನ್ನು ಮತ್ತೆ ಮಡಕೆಯೊಳಗೆ ಇಟ್ಟರು. ತಟ್ಟೆಯ ಮುಂದೆ ವಾಪಸ್ ಕೂತರು, ಉಣ್ಣಲಿಲ್ಲ.

ಮಾರನೆಯ ದಿನ ಶಿಡ್ಲಘಟ್ಟಕ್ಕೆ ಹೋಗಿ ಸಾಹೇಬರಿಗೆ ವಿಷಯ ತಿಳಿಸಿ ಬಂದರು. ಶಹರ್ ಬಾನು ಮದುವೆಯಾಗಿ ಚಿಂತಾಮಣಿಗೆ ಹೋಗಿದ್ದಾಳಂತೆ. ಸಾಹೇಬರು ಟೀ ಕುಡಿಸಿ ಒಂದೇ ಮಾತು ಹೇಳಿದರಂತೆ: "ನಮ್ಗೆ ಹುಡುಗನ ಮೇಲೆ ಅನುಮಾನ ಇರ್ಲಿಲ್ಲ ಮುನಿಗಂಗಪ್ಪನೋರೆ. ನೀವು ಹೇಳಿದ್ರಿ ಅಂತ ನಂಬಿದ್ವಿ." ಅದನ್ನು ಮಾವ ಅತ್ತೆಯ ಹತ್ತಿರ ಹೇಳಿ ಟವಲಿನಿಂದ ಮುಖ ಒರೆಸಿಕೊಂಡರು. ಅತ್ತೆ ಸಮಾಧಾನ ಮಾಡಲಿಲ್ಲ. ಮಗ ಹೋದ ಮೇಲೆ ಅವರು ಗಂಡನಿಗೆ ಬಡಿಸುತ್ತಾರೆ, ಇನ್ನೊಂದು ಮುದ್ದೆ ಹಾಕಲಾ ಅಂತ ಕೇಳುವುದನ್ನು ಬಿಟ್ಟಿದ್ದಾರೆ.

ಈಗ ಮರಿಗಳು ತಾವೇ ಕಾಳು ಬಿಡಿಸಿಕೊಳ್ಳುತ್ತವೆ. ಪಂಜರ ತೊಳೆಯುವುದು ಮಾವನೇ, ನನ್ನನ್ನು ಮುಟ್ಟಗೊಡುವುದಿಲ್ಲ. ಕೇಳಿದವರಿಗೆಲ್ಲ ಇಲ್ಲ ಅಂದು ಕಳಿಸುತ್ತಾರೆ. ನಿನ್ನ ಹೆಸರು ಮಾತ್ರ ಇನ್ನೂ ಬಾಯಿಗೆ ಬಂದಿಲ್ಲ, ಎಲ್ಲದಕ್ಕೂ "ಅವನು". ನಮ್ಮೆಲ್ಲರ ಕೈಯಿಂದ ಜಾರಿಹೋದ ದಿನಗಳನ್ನು ನೆನೆಸಿಕೊಂಡರೆ ನನಗೆ ಅಳು ಬರುತ್ತದೆ. ಒಂದು ಮಡಕೆ ಕಟ್ಟಿ ಸುಮ್ಮನೆ ಕಾದಿದ್ದರೆ ಸಾಕಾಗಿತ್ತಲ್ಲ. ಯುಗಾದಿಗೆ ಬಾರಪ್ಪ. ಅವರಿಗಲ್ಲದಿದ್ದರೆ ಅತ್ತೆಗಾಗಿ, ಅದೂ ಅಲ್ಲದಿದ್ದರೆ ನಿನ್ನ ಹಕ್ಕಿಗಳಿಗಾಗಿಯಾದರೂ ಬಾ.

ಅತ್ತೆ, ನಿಮ್ಮಣ್ಣ ನಿನ್ನನ್ನು ಕೇಳಿದ್ದಾರೆ. ಮಗು ಎರಡೂ ಕೈಯಲ್ಲಿ ಟಾಟಾ ಮಾಡುತ್ತಿದೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತಿಗೆ,
ಶ್ಯಾಮಲ

ವಿ.ಸೂ.: ಕಾಗದ ಅಂಟಿಸಲು ಹೋದರೆ ಮಾವ ಬಂದು, "ಕೊಡಮ್ಮ, ನಾನು ಹಾಕ್ತೀನಿ" ಅಂದರು. ಅಂಚೆ ಡಬ್ಬಿಗೆ ಹೋಗಲು ಇಸ್ತ್ರಿ ಶರ್ಟು ಯಾಕೆ? ಟವಲ್ ಮುಚ್ಚಿದ ಚಿಕ್ಕ ಪಂಜರ ಯಾಕೆ? ಒಂದು ನಿಮಿಷ ತಾಳಿ ಅಂತ ಇದನ್ನು ಗೀಚುತ್ತಿದ್ದೇನೆ. ಅತ್ತೆ ಒಳಗೆ ಬುತ್ತಿ ಕಟ್ಟುತ್ತಿದ್ದಾರೆ, ಇಬ್ಬರಿಗಾಗುವಷ್ಟು. ನೀನು ಇದನ್ನು ಓದುವಾಗ ಮಾವ ನಿನ್ನ ಶಾಪಿನ ಮುಂದೆ ನಿಂತಿರುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ದಣಿದಿರುತ್ತಾರೆ, ಮೊದಲು ಕೂರಿಸಿ ನೀರು ಕೊಡು. ತಪ್ಪಾಯಿತು ಅನ್ನಲು ಅವರಿಗೆ ಬರುವುದಿಲ್ಲ. ಪಂಜರದಲ್ಲಿ ಒಂದು ಹಳದಿ ಮರಿ, ಒಂದು ಹಸಿರು ಮರಿ ಇವೆ. ಈಗ ತಾನೇ ಹಿತ್ತಲಿನಲ್ಲಿ ಒಬ್ಬರೇ ನಿಂತು ಬಾಯಿಪಾಠ ಮಾಡುತ್ತಿದ್ದುದನ್ನು ಕೇಳಿಸಿಕೊಂಡೆ: "ಯಾವ್ದು ಗಂಡು, ಯಾವ್ದು ಹೆಣ್ಣು, ಸ್ವಲ್ಪ ನೋಡಿ ಹೇಳಪ್ಪ ರವಣ." ಗೊತ್ತಿದ್ದೂ ಯಾಕೆ ಕೇಳ್ತೀರಿ ಅನ್ನಬೇಡ. ಮರಿಯನ್ನು ಕೈಗೆ ತಗೋ, ಬೆಳಕಿಗೆ ಹಿಡಿ, ಅವರಿಗೆ ಹೇಳು.