ಹೊರಟವರ ಹಿಂದೆ ಹಾಲು

ನಿಶಿ ಕಸಾಯಿ, ಟೋಕಿಯೋ
ಭಾನುವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಅಮ್ಮಾ,

ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ನಮ್ಮ ಕೈಲಿ ಮನೆಗೆ ಪತ್ರ ಬರೆಸ್ತಿದ್ದರಲ್ಲ, "ನಾನು ಇಲ್ಲಿ ಕ್ಷೇಮ" ಅಂತ ಶುರು ಮಾಡದೇ ಇದ್ದರೆ ವಾರ್ಡನ್ ಶಾಲಿನಿ ಮಿಸ್ ವಾಪಸ್ ಕೊಟ್ಟುಬಿಡ್ತಿದ್ದರು. ಇವತ್ತೂ ಭಾನುವಾರವೇ. ಆದರೆ ಆ ಸಾಲು ಬರೆಯಲ್ಲ. ಪೂರ್ತಿ ಓದಿದ ಮೇಲೆ ನಾನು ಕ್ಷೇಮವೋ ಅಲ್ಲವೋ ನೀನೇ ಹೇಳು.

ವಾಟ್ಸಾಪಿನಲ್ಲಿ ಹಾಕಿದ್ದರೆ ನೀನು ಒಂದು ಕೈಲಿ ಟಿಕೆಟ್ ಕೊಡುತ್ತಾ ಇನ್ನೊಂದು ಕೈಲಿ ಓದ್ತೀಯ. ಇದು ಹಾಗೆ ಓದುವಂಥದ್ದಲ್ಲ. ಡ್ಯೂಟಿ ಮುಗಿಸಿ, ಖಾಕಿ ಬಿಚ್ಚಿಟ್ಟು, ಕಾಫಿ ಮಾಡಿಕೊಂಡು ಕೂತ್ಕೋ. ಬರೆಯೋದಕ್ಕೆ ಅಂತ ಜ್ಯೋತ್ಸ್ನಾ ಆಂಟಿ ಮನೆಗೆ ಬಂದಿದ್ದೀನಿ. ಶನಿವಾರ ಭಾನುವಾರ ನನಗೆ ಸಾರು ಅನ್ನ ಹಾಕಿ ಕಾಪಾಡ್ತಿರೋ ಮಹಾತಾಯಿ ಒಳಗೆ ಹುರಳಿಕಾಯಿ ಸೋಸುತ್ತಾ, ಯಾರಿಗೇ ಅಷ್ಟುದ್ದ ಬರೀತಿದ್ದೀಯ ಅಂತ ಎರಡು ಸಲ ಕೇಳಿ ಆಯ್ತು.

ಮಂಗೋಲಿಯಾದ ಫೋಟೋಗಳನ್ನೆಲ್ಲ ನೋಡಿದ್ದೀಯ. ನಾನು ಕುದುರೆ ಮೇಲೆ ಹಲ್ಲು ಕಿರಿದು ಕೂತಿರೋದು (ಹೆದರಿಕೆಗೆ ಹಲ್ಲು ಕಾಣ್ತಿದೆ, ನಗು ಅಲ್ಲ ಅದು), ಗೆಳತಿ ನೊಮಿನ್ ಪಕ್ಕದಲ್ಲಿ ಲಗಾಮು ಹಿಡಿದಿರೋದು, ಬಿಳಿ ದುಂಡು ಡೇರೆ, ಮುಗಿಯದ ಹುಲ್ಲು. ಅಲ್ಲಿ ಹುಲ್ಲು ಬಿಟ್ಟರೆ ಏನಿದೆ ಅಂತ ಹೋಗೋ ಮುಂಚೆ ಆಂಟಿ ಬೈದಿದ್ದರು. ನಿಜಕ್ಕೂ ಹುಲ್ಲು ಬಿಟ್ಟರೆ ಏನೂ ಇಲ್ಲ ಅಮ್ಮ. ಇಷ್ಟೊಂದು ಏನೂ ಇಲ್ಲದ ಜಾಗ ನಾನು ಮುಂಚೆ ನೋಡೇ ಇರಲಿಲ್ಲ. ಈಗ ಫೋಟೋದಲ್ಲಿ ಇಲ್ಲದ್ದನ್ನ ಹೇಳ್ತೀನಿ.

ಅದಕ್ಕೆ ಮೊದಲು ಇನ್ನೊಂದು. ಜೂನ್‌ನಿಂದ ನಾನು ಕ್ಲಾಸಿಗೆ ಹೋಗಿರಲಿಲ್ಲ.

ಒಂದು ಗ್ರೂಪ್ ಪ್ರೆಸೆಂಟೇಷನ್ ಇತ್ತು. ನನ್ನ ಸರದಿ ಬಂದಾಗ ಎದ್ದು ನಿಂತೆ, ಬಾಯಿ ಬರಲಿಲ್ಲ. ಇಂಗ್ಲಿಷೂ ಇಲ್ಲ, ಜಪಾನೀಸೂ ಇಲ್ಲ, ಕನ್ನಡವೂ ಇಲ್ಲ. ಎಲ್ಲರೂ ತುಂಬಾ ಪೊಲೈಟಾಗಿ ಟೇಬಲ್ ನೋಡ್ತಾ ಕಾದರು. ಯಾರಾದರೂ ನಕ್ಕಿದ್ದರೂ ಪರವಾಗಿರಲಿಲ್ಲ. ನಾನು "ಸುಮಿಮಾಸೆನ್" ಅಂತ ಕ್ಷಮೆ ಕೇಳಿ ಕೂತುಬಿಟ್ಟೆ. ಮಾರನೇ ದಿನ ಕ್ಲಾಸಿನ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಆಮೇಲೆ ಬಾಗಿಲವರೆಗೂ ಹೋಗಲಿಲ್ಲ. ಕೊಂಬಿನಿ ಅಂಗಡಿಯಲ್ಲಿ ಒಂದು ಅನ್ನದುಂಡೆ ತಗೊಂಡು ತೋಜಾಯಿ ಲೈನ್ ಟ್ರೇನ್ ಹತ್ತಿ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಕಂಡಕ್ಟರ್ ಮಗಳು ಅಲ್ಲವಾ. ನೀನು ವಿಡಿಯೋ ಕಾಲ್ ಮಾಡಿದಾಗ ಈಗ ತಾನೇ ಕ್ಲಾಸ್ ಮುಗೀತು ಅಂತಿದ್ದೆ. ನಿಮ್ಮ ಡ್ರೈವರ್ ಬಸವರಾಜಣ್ಣನ ರಿಟೈರ್ಮೆಂಟ್ ಫಂಕ್ಷನ್ನಿಗೆ ಉಟ್ಟ ಸೀರೆ ತೋರಿಸಿದೆಯಲ್ಲ, ಆವತ್ತೂ ನಾನು ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಸ್ಕಾಲರ್‌ಶಿಪ್ ಬಿಟ್ಟು ಊರಿಗೆ ಬಂದುಬಿಡೋದು ಅಂತ ತೀರ್ಮಾನ ಮಾಡಿದ್ದೆ. ನಿನಗೆ ಹೇಗೆ ಹೇಳೋದು ಅನ್ನೋದೊಂದೇ ಬಾಕಿ ಇತ್ತು.

ಇದು ಗೊತ್ತಿದ್ದದ್ದು ನೊಮಿನ್ ಒಬ್ಬಳಿಗೇ. ಎಡೋಗಾವಾದ ನಮ್ಮ ಡಾರ್ಮಿನಲ್ಲಿ ಪಕ್ಕದ ರೂಮು, ಅವಳದೂ ಮೊದಲ ವರ್ಷ, ಮಂಗೋಲಿಯಾದವಳು. ಬಿಡೋದಾದರೆ ಬಿಡು, ಅದಕ್ಕೆ ಮುಂಚೆ ನಮ್ಮಜ್ಜಿ ಹತ್ತಿರ ಎರಡು ವಾರ ಇದ್ದು ಬಾ ಅಂದಳು. ಹಾಗೆ ಹೋದದ್ದು ನಾನು. ಟೂರ್ ಅಂತ ನಿನಗೆ ಹೇಳಿದ್ದೆ.

ಉಲಾನ್‌ಬಾತರಿನಿಂದ ಇಡೀ ದಿನ ಜೀಪು. ಕೊನೆಕೊನೆಗೆ ರಸ್ತೆಯೇ ಇಲ್ಲ, ಡ್ರೈವರ್ ಹುಲ್ಲಿನ ಮೇಲೇ ಓಡಿಸ್ತಾನೆ. ಸ್ಟಾಪೂ ಇಲ್ಲ, ಸ್ಟೇಜೂ ಇಲ್ಲ, ನೀನಿದ್ದಿದ್ದರೆ ಟಿಕೆಟ್ ಎಲ್ಲಿಂದ ಎಲ್ಲಿಗೆ ಅಂತ ಹರೀತಿದ್ದೆಯೋ ಅಂತ ನಗು ಬಂತು. ಡೇರೆ ಮುಂದೆ ಇಳಿದಾಗ ಅಜ್ಜಿ ಬಂದು ನನ್ನ ಎರಡೂ ಕೆನ್ನೆ ಹಿಡಿದು ಹಣೆ ಮೂಸಿದರು. ಮುತ್ತು ಕೊಡಲ್ಲ ಅವರು, ಮೂಸ್ತಾರೆ. ಹೊಸಿಲು ತುಳೀಬೇಡ ಅಂತ ನೊಮಿನ್ ಹೇಳೋ ಮುಂಚೆಯೇ ನಾನು ದಾಟಿ ಒಳಗೆ ಹೋಗಿದ್ದೆ. ಅಷ್ಟಕ್ಕೇ ಅಜ್ಜಿಗೆ ನಾನು ಇಷ್ಟ ಆಗಿಬಿಟ್ಟೆ.

ಆದರೆ ಊಟಕ್ಕೆ ಬಟ್ಟಲು ತುಂಬ ಕುರಿ ಮಾಂಸ, ಬಿಸಿಬಿಸಿ. ಆ ಬಯಲಿನ ಮಧ್ಯೆ, ಅಷ್ಟು ಪ್ರೀತಿಯಿಂದ ಕೊಟ್ಟಿದ್ದನ್ನ ನಮ್ಮ ಮನೇಲಿ ಇದನ್ನ ತಿನ್ನಲ್ಲ ಅಂತ ಹೇಗೆ ಹೇಳಲಿ? ನೊಮಿನ್‌ಗಾದರೂ ಹೇಳಬಹುದಿತ್ತು. ಡಾರ್ಮಿನಲ್ಲಿ ಅವಳು ನಾನು ಚಟ್ನಿಪುಡಿ ಅನ್ನ ತಿನ್ನೋದು ನೋಡಿ, ಇವಳಿಗೆ ದುಡ್ಡಿಲ್ಲ ಅಂದುಕೊಂಡಿದ್ದಳಂತೆ. ನಾನು ಹಾಸ್ಟೆಲಿನಲ್ಲಿ ಮಾಡ್ತಿದ್ದದ್ದನ್ನೇ ಮಾಡಿದೆ. ಮೆಸ್ಸಿನಲ್ಲಿ ತಟ್ಟೆ ಖಾಲಿ ಮಾಡದೆ ಏಳುವ ಹಾಗಿರಲಿಲ್ಲ, ಬೇಡ ಅನ್ನೋ ಹಾಗೂ ಇರಲಿಲ್ಲ. ಬೀಟ್‌ರೂಟ್ ಪಲ್ಯವನ್ನೆಲ್ಲ ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ತಿದ್ವಿ. ಇಲ್ಲೂ ಟಿಶ್ಯೂನಲ್ಲಿ ಸುತ್ತಿದೆ. ಎಸೆಯೋಣ ಅಂದರೆ ಹೊರಗೆ ಅಜ್ಜಿಯ ಎರಡು ನಾಯಿ, ತಂದು ಬಾಗಿಲಲ್ಲೇ ಇಟ್ಟರೆ ಏನು ಗತಿ. ಡೇರೆ ನಡುವೆ ಬೆರಣಿ ಉರಿಯೋ ಒಲೆ. ಯಾರೂ ಇಲ್ಲದ್ದು ನೋಡಿ ಅದರೊಳಗೆ ಹಾಕಿಬಿಟ್ಟೆ. ಹೀಗೇ ಮೂರು ನಾಲ್ಕು ದಿನ. ಹಗಲೆಲ್ಲ ಆಂಟಿ ಕಟ್ಟಿಕೊಟ್ಟ ಅವಲಕ್ಕಿ.

ಒಂದು ಮಧ್ಯಾಹ್ನ ಅಜ್ಜಿ ಬಾಗಿಲಲ್ಲೇ ನಿಂತು ನೋಡಿಬಿಟ್ಟರು.

ಅವರಿಗೆ ಒಲೆ ಅಂದರೆ ದೇವರು ಅಮ್ಮ. ಕಸ ಹಾಕೋದಿರಲಿ, ಅದರ ಕಡೆ ಕಾಲು ಚಾಚಿ ಕೂರಲ್ಲ. ನನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಿತ್ತು, ನಮ್ಮಲ್ಲೂ ಒಲೆಗೆ ಎಂಜಲು ಹಾಕ್ತೀವಾ? ನಾನು ಸುಮಿಮಾಸೆನ್ ಸುಮಿಮಾಸೆನ್ ಅಂತಲೇ ನಿಂತೆ. ಅಜ್ಜಿ ಒಂದು ಚೂರು ಬೆಣ್ಣೆ ತಗೊಂಡು ಬೆಂಕಿಗೆ ಹಾಕಿ, ಬಾಯಲ್ಲೇ ಏನೋ ಹೇಳಿಕೊಂಡರು. ನನ್ನ ಪರವಾಗಿ ಬೆಂಕಿಯ ಹತ್ತಿರ ಮಾತಾಡಿದರು ಅಂತ ಆಮೇಲೆ ಗೊತ್ತಾಯ್ತು. ಆಮೇಲೆ ನೊಮಿನ್‌ನ ಕೂಗಿ, ಒಂದೊಂದೇ ಮಾತು ನನಗೆ ಹೇಳಿಸಿದರು:

"ಇಷ್ಟು ದಿನ ಹಸ್ಕೊಂಡು ಕೂತಿದ್ದೀಯಲ್ಲೇ ಹುಡುಗಿ, ನಿನ್ನ ಬಾಯಿಗೇನಾಗಿತ್ತು? ಬೇಡ ಅಂದಿದ್ದರೆ ಬೇಕಾದ್ದು ಕೊಡ್ತಿದ್ದೆ."

ಅಷ್ಟೇ ಅಮ್ಮ. ಆಮೇಲೆ ನನ್ನ ಮುಂದೆ ಬಂದದ್ದೆಲ್ಲ ಬಿಳಿ. ಅವರಲ್ಲಿ ಹಾಲಿನಿಂದ ಮಾಡಿದ್ದಕ್ಕೆಲ್ಲ ಬಿಳಿ ಊಟ ಅಂತಾರೆ, ಬೇಸಿಗೆಯ ಊಟವೇ ಅದಂತೆ. ದಪ್ಪ ಕೆನೆ, ಮೊಸರು, ಬಿಸಿಲಿಗೆ ಒಣಗಿಸಿದ ಮೊಸರಿನ ಗಟ್ಟಿ (ಕಡಿದರೆ ಹಲ್ಲು ಹೋಗುತ್ತೆ, ಚೀಪಬೇಕು), ಉಪ್ಪು ಹಾಕಿದ ಹಾಲಿನ ಟೀ. ಅಜ್ಜಿ ನನ್ನ ಮುಂದೆ ಬಟ್ಟಲು ಇಟ್ಟು, ಇವಳು ಕರುವಿಗಿಂತ ಜಾಸ್ತಿ ಕುಡೀತಾಳೆ ಅಂತ ರೇಗಿಸೋರು. ಕುದುರೆಗೂ ಸುಮಿಮಾಸೆನ್ ಹೇಳ್ತಾಳೆ ಅಂತ ನೊಮಿನ್ ಎಲ್ಲರಿಗೂ ಹೇಳಿಕೊಂಡು ಬಂದಳು. ನಾನು ಹಸು ಕರೆಯೋದು ಕಲಿತೆ. ಮೊದಲ ದಿನ ಬಂದ ಹಾಲು ಒಂದು ಕಾಫಿಗೂ ಸಾಲದು.

ಹಾಗೆ ಕರೀತಾ ಕೂತಾಗಲೇ ಒಂದು ಬೆಳಿಗ್ಗೆ ಅಜ್ಜಿಗೆ ಎಲ್ಲಾ ಹೇಳಿಬಿಟ್ಟೆ, ಕನ್ನಡದಲ್ಲೇ. ಕ್ಲಾಸು, ಟ್ರೇನು, ನಿನಗೆ ಹೇಳಿದ ಸುಳ್ಳು. ಹಾಸ್ಟೆಲ್ ಗೇಟು ಕೂಡ. ಅಪ್ಪ ತೀರಿಕೊಂಡ ವರ್ಷ ನನ್ನನ್ನ ಅಲ್ಲಿ ಬಿಟ್ಟು ನೀನು ತಿರುಗಿಯೂ ನೋಡದೆ ಹೋದದ್ದು, ನಿನಗೆ ಬೆಂಗಳೂರು ರೂಟು, ಆ ಕಡೆ ಬರೋಕೇ ಆಗಲ್ಲ ಅಂತ ತಿಂಗಳಿಗೊಂದು ಸಲ ಮಾತ್ರ ಬರ್ತಿದ್ದದ್ದು. ಬೆಳಿಗ್ಗೆ ನಲ್ಲಿ ಹತ್ತಿರ ಸಾಲಾಗಿ ಹಲ್ಲುಜ್ಜೋವಾಗ ಕಾಂಪೌಂಡ್ ಆಚೆ ಕೋಟೆಗೆ ಹೋಗೋ ಬಸ್ಸು ಕಿವಿ ಕಿತ್ತು ಹೋಗೋ ಹಾಗೆ ಹಾರನ್ ಹೊಡೆದು ಹೋಗ್ತಿದ್ದದ್ದು, ಎಲ್ಲಾ ಬಸ್ಸೂ ಬರುತ್ತೆ ನಮ್ಮಮ್ಮನದು ಬರಲ್ಲ ಅಂತ ಅನ್ನಿಸ್ತಿದ್ದದ್ದು. ಅಜ್ಜಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಹೂಂ ಹೂಂ ಅಂತ ಹಾಲು ಕರೀತಾ ಪೂರ್ತಿ ಕೇಳಿದರು. ಬಾಯಿ ಬಂತು ಅಮ್ಮ ನನಗೆ.

ಹೊರಡೋ ದಿನ ಜೀಪು ಹತ್ತಿದೆ. ಅಜ್ಜಿ ಬಟ್ಟಲಲ್ಲಿ ಹಾಲು ಹಿಡಿದು ಹೊರಗೆ ಬಂದು, ನಮ್ಮ ಹಿಂದೆ ಮರದ ಸೌಟಿನಿಂದ ಆಕಾಶಕ್ಕೆ ಚಿಮುಕಿಸತೊಡಗಿದರು. ಹೊರಟವರ ದಾರಿ ಹಾಲಿನ ಹಾಗೆ ಬೆಳ್ಳಗಿರಲಿ ಅಂತ. ಅವರು ಕೈ ಬೀಸಲಿಲ್ಲ, ಅಳಲಿಲ್ಲ. ಜೀಪು ದಿನ್ನೆ ಹತ್ತಿ ತಿರುಗೋವರೆಗೂ ಆ ಪುಟ್ಟ ಆಕಾರ ಹಾಲು ಚೆಲ್ಲುತ್ತಲೇ ಇತ್ತು. ನಿಮ್ಮಮ್ಮ ನಿನ್ನನ್ನ ಹೇಗೆ ಕಳಿಸ್ತಾರೆ ಅಂತ ನೊಮಿನ್ ಕೇಳಿದಳು. ನಮ್ಮಮ್ಮ ಹಾಗೆಲ್ಲ ಏನೂ ಮಾಡಲ್ಲ ಅಂದೆ.

ವಾಪಸ್ ಬಂದ ವಾರವೇ ಒಕಾದಾ-ಸಾನ್ ಹತ್ತಿರ ಹೋದೆ, ನಮ್ಮ ಕ್ಲಾಸಿನ ಅಡ್ವೈಸರ್. ಬಾಯಿ ಬರಲ್ಲ, ಭಯ ಆಗುತ್ತೆ, ಅದಕ್ಕೇ ಬರಲಿಲ್ಲ ಅಂದೆ. ಅವರು ನನ್ನನ್ನ ಕೂರಿಸಿ, ಹೇಳಿದ್ದಕ್ಕೆ ಅರಿಗಾತೋ ಅಂತ ನನಗೇ ಥ್ಯಾಂಕ್ಸ್ ಹೇಳಿದರು. ಎರಡು ಸಬ್ಜೆಕ್ಟ್ ಮತ್ತೆ ಮೊದಲಿಂದ ಮಾಡಬೇಕು. ಸ್ಕಾಲರ್‌ಶಿಪ್ ಇನ್ನೊಂದು ಸೆಮಿಸ್ಟರ್ ಇರುತ್ತೆ, ಆಮೇಲೆ ನನ್ನ ಕೈಲಿದೆ. ಭಯ ಹೋಗಿಲ್ಲ. ಆದರೆ ನಾನು ಇಲ್ಲೇ ಇರ್ತೀನಿ ಅಮ್ಮ. ಏಪ್ರಿಲ್‌ನಿಂದ ಮುಚ್ಚಿಟ್ಟೇ ಇದ್ದ ಸೂಟ್‌ಕೇಸನ್ನ ನಿನ್ನೆ ಬಿಚ್ಚಿ ಬಟ್ಟೆ ಎಲ್ಲಾ ಬೀರುವಿನಲ್ಲಿ ಜೋಡಿಸಿದೆ.

ನಿನಗೆ ಸಿಟ್ಟು ಬಂದಿದ್ದರೆ ಬೈ. ಚೆನ್ನಾಗಿದ್ದೀಯಾ ಅಂತ ಮಾತ್ರ ಕೇಳಬೇಡ, ನಾನು ಹೂಂ ಅಂದುಬಿಡ್ತೀನಿ. ದಸರಾ ಸ್ಪೆಷಲ್ ಡ್ಯೂಟಿ ಹಾಕಿದರೆ ಹೊತ್ತಿಗೆ ಸರಿಯಾಗಿ ಊಟ ಮಾಡು.

ಈಗ ಎಲ್ಲಾ ಹೇಳಿ ಹಗುರಾದ ನಿನ್ನ,
ಇಂಚು

ಮರೆತಿದ್ದು: ಇದನ್ನ ಆಂಟಿಯಿಂದ ಇನ್ನೊಂದು ಹಾಳೆ ಇಸಕೊಂಡು ಬರೀತಿದ್ದೀನಿ. ಆವತ್ತು ಸೀರೆ ತೋರಿಸ್ತಾ ನೀನು, "ಪಾಪ ಬಸವರಾಜಣ್ಣ, ಕೋಟೆ ರೂಟಲ್ಲಿ ಎಷ್ಟು ವರ್ಷ ನಾವಿಬ್ಬರೂ ಒಂದೇ ಬಸ್ಸು" ಅಂದೆ. ಆಗ ನನ್ನ ಗಮನ ಎಲ್ಲಿತ್ತೋ. ಬರೆದದ್ದನ್ನ ಈಗ ಓದಿಕೊಳ್ಳುವಾಗ ಹೊಳೀತು. ನಿನಗೆ ಬೆಂಗಳೂರು ರೂಟು ಅಲ್ಲವಾ ಇದ್ದದ್ದು? ನಮ್ಮ ಹಾಸ್ಟೆಲ್ ಹತ್ತಿರ ಸ್ಟಾಪ್ ಇಲ್ಲ, ತಿರುವಿಲ್ಲ, ಆ ಹೊತ್ತಿಗೆ ರಸ್ತೆಯಲ್ಲಿ ಒಂದು ಆಡೂ ಇರ್ತಿರಲಿಲ್ಲ. ಮತ್ತೆ ಆ ಹಾರನ್ ಯಾರಿಗೆ? ನೀನು ಆ ಬಸ್ಸಲ್ಲೇ ಹೋಗೋದು ಗೊತ್ತಾದರೆ ಮಗು ದಿನಾ ಗೇಟಲ್ಲಿ ನಿಂತು ಅಳುತ್ತೆ ಅಂತ ಹೇಳಲಿಲ್ಲವಾ? ಬಾಯಲ್ಲಿ ಪೇಸ್ಟ್ ಇಟ್ಟುಕೊಂಡು ನಾವೆಲ್ಲ ಆ ಡ್ರೈವರಿಗೆ ಎಷ್ಟು ಬೈದಿದ್ದೀವಿ ಗೊತ್ತಾ, ನಾನೂ ಸೇರಿ. ಬಸವರಾಜಣ್ಣ ಸಿಕ್ಕಿದರೆ ಹೇಳು ಅಮ್ಮ, ದಿನಾ ಕೇಳಿಸ್ತಿತ್ತಂತೆ ಅಂತ.