ಏನೂ ಕೇಳಲಿಲ್ಲ

ಕೊಪ್ಪಳ, ಫೆಬ್ರವರಿ ಮೂವತ್ತು, ೨೨೮೬

ಎರಡೂವರೆ ಶತಮಾನದ ಹಿಂದಿರುವ ಹಿರಿಯರಿಗೆ ಮೆಹರುನ್ನೀಸಾ ಸೌದಾಗರ ಮಾಡುವ ವಂದನೆಗಳು.

ತಾರೀಖು ತಪ್ಪಿಲ್ಲ. ತಿಂಗಳುಗಳಿಗೆ ದಿನ ಹಂಚುವಾಗ ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಮ್ಮವರು ಸರಿಪಡಿಸಿದ್ದಾರೆ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ಆದರೆ ನನ್ನ ಬದುಕನ್ನು ತಿರುಗಿಸಿದ ಮಾತು ನಿಮ್ಮ ಕಾಲದ್ದೇ: 'ಕೇಳು'.

ನಾನು ರಾಜ್ಯಪೀಠದಲ್ಲಿ ನ್ಯಾಯಾಧೀಶೆಯಾಗಿದ್ದವಳು. ಈಗಿನ ಬಿಸಿಲಿಗೆ ನಮ್ಮ ಕಲಾಪ ಕೋಳಿ ಕೂಗುವ ಹೊತ್ತಿಗೆ ಶುರುವಾಗಿ ಹೊತ್ತೇರುವ ಮೊದಲೇ ಮುಗಿಯುತ್ತದೆ. ಮಧ್ಯಾಹ್ನ ಊರೆಲ್ಲ ಬೀದಿಗಳ ಮೇಲೆ ಕಟ್ಟಿದ ದೊಡ್ಡ ಚಪ್ಪರಗಳ ಕೆಳಗಿರುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಸಲ್ಲುವ ಜಾಗಕ್ಕೆ ನೆರಳುಪಾಲು ಎನ್ನುತ್ತೇವೆ. ನೀವು ಹೊಲದ ಬದುವಿಗೆ ಹೊಡೆದಾಡಿದಂತೆ ನಾವು ನೆರಳಿಗೆ ಹೊಡೆದಾಡುತ್ತೇವೆ. ರೊಟ್ಟಿ ಮಾರುವ ಹುಲಿಗೆವ್ವನ ನೆರಳುಪಾಲು ತಮಗೆ ಬೇಕೆಂದು ಒಂದು ಶಾಲೆಯವರು ದಾವೆ ಹಾಕಿದರು. ಮಕ್ಕಳು ಬಿಸಿಲಲ್ಲಿ ಕೂರುತ್ತಿದ್ದವು. ನಾನು ಶಾಲೆಯ ಪರವಾಗಿ ತೀರ್ಪು ಕೊಟ್ಟೆ. ಹುಲಿಗೆವ್ವ ಸೋತಳು.

ಮರುವರ್ಷ ಒಕ್ಕೂಟಪೀಠಕ್ಕೆ, ಅಂದರೆ ಇಡೀ ದೇಶದ ಮೇಲಿನ ನ್ಯಾಯಾಲಯಕ್ಕೆ, ನನ್ನ ಹೆಸರು ಹೋಯಿತು. ನ್ಯಾಯಾಧೀಶರನ್ನು ಸರಕಾರ ಆರಿಸಬೇಕೋ ನ್ಯಾಯಾಧೀಶರೇ ಆರಿಸಬೇಕೋ ಎಂಬ ಹಗ್ಗಜಗ್ಗಾಟ ನಿಮ್ಮಲ್ಲಿತ್ತಂತೆ. ನಮ್ಮಲ್ಲಿ ಇಬ್ಬರೂ ಒಪ್ಪಿದ ಮೇಲೂ ಒಂದು ಹೊಸ್ತಿಲು ಉಳಿಯುತ್ತದೆ. ಅದರ ಹೆಸರು ಸೋತವರ ಸಾಕ್ಷಿ. ಆಯ್ಕೆಗೆ ನಿಂತ ನ್ಯಾಯಾಧೀಶರ ಮುಂದೆ ಸೋತವರಲ್ಲಿ ಒಬ್ಬರನ್ನು ಚೀಟಿ ಎತ್ತಿ ಕರೆಸಿ, 'ನ್ಯಾಯಾಧೀಶರು ಕೇಳಿದರೇ?' ಎಂದು ಒಂದೇ ಪ್ರಶ್ನೆ ಹಾಕುತ್ತಾರೆ. ನಿಮ್ಮ ಅಹವಾಲಿಗೆ ಕಿವಿಗೊಟ್ಟರೇ ಎಂದು ಅದರ ಅರ್ಥ. ಯಾರೂ ಬಿಡಿಸಿ ಹೇಳುವಂತಿಲ್ಲ, ಮರುಪ್ರಶ್ನೆ ಹಾಕುವಂತಿಲ್ಲ. ಬಡವರ ಬಾಯಿಗೆ ಯಾರೂ ಮಾತು ತುರುಕಬಾರದೆಂದು ಈ ಕಟ್ಟು.

ಚೀಟಿಯಲ್ಲಿ ಹುಲಿಗೆವ್ವನ ಹೆಸರು ಬಂತು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತು, ತುಂಬು ಅಭಿಮಾನದಿಂದ ಹೇಳಿದಳು: "ಇಲ್ರಿ, ಬಾಯಾರು ಏನೂ ಕೇಳಲಿಲ್ರಿ."

ಬಾಯಾರು ಎಂದರೆ ನಾನು. ನಮ್ಮ ಕಡೆ ಅಧಿಕಾರದಲ್ಲಿರುವವರು ಕೇಳಿದರು ಎಂದರೆ ಲಂಚಕ್ಕೆ ಕೈಯೊಡ್ಡಿದರು ಎಂದೇ ಲೆಕ್ಕ. ಪಾಪ, ಅವಳು ನನ್ನನ್ನು ಹೊಗಳಿದ್ದಳು. ದೂರದಿಂದ ಬಂದಿದ್ದ ಆಯ್ಕೆದಾರರಿಗೆ ಅನುವಾದ ಮಾಡುತ್ತಿದ್ದ ಯಂತ್ರಕ್ಕೆ ನಿಘಂಟು ಗೊತ್ತಿತ್ತು, ಕೊಪ್ಪಳ ಗೊತ್ತಿರಲಿಲ್ಲ. ಕಿವಿಗೊಡಲಿಲ್ಲ ಎಂದು ಅದು ಹೇಳಿತು. ನಾನು ಎದುರಿಗೇ ಕೂತಿದ್ದೆ, ಬಾಯಿ ತೆರೆಯುವಂತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಹೆಸರು ಬಿದ್ದುಹೋಯಿತು.

ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿದುಹೋಯಿತು. ಆ ಪೀಠಕ್ಕಾಗಿ ಆಯುಷ್ಯವೆಲ್ಲ ಸವೆಸಿದ್ದೆ.

ಸಂಗತಿ ತಿಳಿದು ಹುಲಿಗೆವ್ವ ನಮ್ಮ ಮನೆಗೇ ಬಂದಳು. ಕಟ್ಟೆಯ ಮೇಲೆ ಕೂತು ಅತ್ತಳು. "ನಾ ಚಲೋನ ಹೇಳೀನಿ ಅನ್ಕೊಂಡಿದ್ನಿರಿ ಬಾಯಾರ. ಮತ್ತ ಹೋಗಿ ಹೇಳಿ ಬರ್ತೀನಿ, ನೀವು ಹ್ಞೂಂ ಅನ್ರಿ ಸಾಕು," ಎಂದಳು.

ಸೋತವರು ತಿಂಗಳೊಳಗೆ ಮಾತು ತಿದ್ದಬಹುದೆಂದು ನಿಯಮವಿದೆ. ಹ್ಞೂಂ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನ್ಯಾಯಾಧೀಶೆಯ ಮನೆಗೆ ಹೋಗಿ ಬಂದ ಮೇಲೆ ಸೋತವಳ ಮಾತು ಬದಲಾಯಿತೆಂದರೆ, ನಾಳೆ ಇನ್ನೊಬ್ಬ ನ್ಯಾಯಾಧೀಶ ಸೋತವರ ಮನೆಬಾಗಿಲಿಗೆ ಆಳು ಕಳಿಸುತ್ತಾನೆ. ಆ ದಾರಿ ತೆರೆದವಳು ನಾನಾಗುತ್ತಿದ್ದೆ. ಬೇಡವೆಂದು ಹೇಳಿ ಅವಳಿಗೆ ಚಹಾ ಕೊಟ್ಟೆ. ರೊಟ್ಟಿಯ ವ್ಯಾಪಾರ, ಹೊಸ ಜಾಗದ ಸೆಕೆ, ಮೊಣಕಾಲು ನೋವು, ಅವಳು ಹೇಳಿದ್ದನ್ನೆಲ್ಲ ಕೇಳಿದೆ. ಏನೂ ಕೇಳಲಿಲ್ಲ.

ಈಗ ಆ ಪ್ರಶ್ನೆಯನ್ನು ತಿದ್ದಿದ್ದಾರೆ. ನನಗೆ ವಯಸ್ಸು ಮೀರಿತು, ದುಃಖ ಇನ್ನೂ ಇದೆ.

ನಿಮ್ಮಲ್ಲಿ ಒಂದು ಬೇಡಿಕೆ. ನ್ಯಾಯಾಧೀಶರನ್ನು ಆರಿಸುವ ಕೋಣೆಯ ತುಂಬ ಗೆದ್ದವರೇ ಇರುತ್ತಾರೆ. ಅಲ್ಲಿ ಸೋತವರಿಗೂ ಒಂದು ಕುರ್ಚಿ ಹಾಕಿ. ಅವರನ್ನು ಕೇಳಿ. ಆಮೇಲೆ ಅವರು ಹೇಳುವುದನ್ನೂ ಕೇಳಿ.